ಗಾಯಗೊಂಡ ಮೀನಿಗೊಂದು ಆರೈಕೆಯ ತೊಟ್ಟಿ

ಒಡನಾಡಿಗಳ ಕಚ್ಚಾಟದಿಂದಲೋ ಕಲ್ಲಿನ ಚೂಪಾದ ಅಂಚು ತಾಗಿಯೋ ಹುರುಪೆ ಕಿತ್ತುಹೋದ ಗೋಲ್ಡ್‌ಫಿಷ್‌ಗೆ ನಿರ್ಮಲ ಜಲದ ಏಕಾಂತವಾಸವೇ ಪ್ರಥಮ ಚಿಕಿತ್ಸೆ. ಏಕೆಂದರೆ ದೇಹವನ್ನಾವರಿಸಿದ ಲೋಳೆಯ ಕವಚವು ಭಗ್ನವಾದೆಡೆಯಲ್ಲಿಯೇ ಬೂಷ್ಟೂ ಬ್ಯಾಕ್ಟೀರಿಯಗಳೂ ಸುಲಭವಾಗಿ ನೆಲೆಯೂರುವುವು. ಸುಮಾರು 40 ಲೀಟರು ಹಿಡಿಯುವ ತೊಟ್ಟಿಯೊಂದು ಈ ಕಾರ್ಯಕ್ಕೆ ಸಾಕು. ತಳದಲ್ಲಿ ಜಲ್ಲಿಯಿಲ್ಲದಿದ್ದರೆ ಹಿಕ್ಕೆಯೂ ಉಳಿದ ಆಹಾರವೂ ಕೂಡಲೆ ಕಣ್ಣಿಗೆ ಬಿದ್ದು, ಕೊಳವೆಯಿಂದ ಹೀರಿ ತೆಗೆಯಲು ಅನುಕೂಲವಾಗುವುದು. ನಲ್ಲಿಯ ನೀರಾದರೆ ಕ್ಲೋರಿನ್ ನಿವಾರಿಸಿ, ಹಳೆಯ ತೊಟ್ಟಿಯಷ್ಟೇ ಉಷ್ಣತೆಗೆ ತಂದು ತುಂಬಬೇಕು.

ಶೋಧಕಕ್ಕೆ ಸ್ಪಂಜೇ ಲೇಸು. ಏರ್‌ಪಂಪಿನಿಂದ ಮೇಲೇಳುವ ಗುಳ್ಳೆಗಳು ನೀರನ್ನು ಸ್ಪಂಜಿನ ಮೂಲಕ ಮೆಲ್ಲನೆ ಸೆಳೆಯುವುದರಿಂದ ಬಳಲಿದ ಮೀನು ಪ್ರವಾಹದೊಡನೆ ಸೆಣಸಬೇಕಿಲ್ಲ. ಆದರೆ ಹೊಸ ಸ್ಪಂಜು ಕೇವಲ ಜರಡಿ. ಮೀನು ವಿಸರ್ಜಿಸುವ ವಿಷಕರ ಅಮೋನಿಯವನ್ನು ನೈಟ್ರೈಟಾಗಿಯೂ, ಅದನ್ನು ಅಷ್ಟೊಂದು ಅಪಾಯಕರವಲ್ಲದ ನೈಟ್ರೇಟಾಗಿಯೂ ಪರಿವರ್ತಿಸುವ ಸೂಕ್ಷ್ಮಜೀವಿಗಳು ಅದರಲ್ಲಿ ನೆಲಸಲು ಹಲವು ವಾರಗಳು ಬೇಕು. ಆದಕಾರಣ ವಿವೇಕಿಯಾದ ಸಾಕಣೆಗಾರನು ಆರೋಗ್ಯವಾಗಿರುವ ತೊಟ್ಟಿಯ ಮೂಲೆಯಲ್ಲಿ ಹೆಚ್ಚಿನದೊಂದು ಸ್ಪಂಜನ್ನು ಸದಾ ಇರಿಸಿರುವನು. ಅದಿಲ್ಲದಿದ್ದಲ್ಲಿ ಪ್ರತಿದಿನವೂ ಕಾಲುಭಾಗದಷ್ಟಾದರೂ ನೀರನ್ನು ಬದಲಿಸುವುದು ಅನಿವಾರ್ಯ.

ಔಷಧ ಹಾಕುವ ಮುನ್ನ, ಅದನ್ನು ಹೀರಿಬಿಡುವ ಇದ್ದಲಿನ ಶೋಧಕವಿದ್ದರೆ ತೆಗೆದಿಡಬೇಕು. ಗಾಯ ಮಾಗಿ ಮೀನು ಮೊದಲಿನಂತೆ ಆಹಾರಕ್ಕೆ ಎರಗಿದ ಬಳಿಕ ಅದನ್ನು ಒಡನಾಡಿಗಳ ಬಳಿಗೆ ಹಿಂದಿರುಗಿಸಬಹುದು. ಚಿಕಿತ್ಸೆಗೆ ಬಳಸಿದ ಬಲೆಯನ್ನೂ ಸ್ಪಂಜನ್ನೂ ಮಾತ್ರ ಹಳೆಯ ತೊಟ್ಟಿಗೆ ಸೋಕಿಸಲಾಗದು.