ಪಳಗುವ ಚಪ್ಪಲಿ, ಪುಟಿಯುವ ಚಪ್ಪಲಿ

ಅಥಣಿಯ ಹೊಸ ಚಪ್ಪಲಿ ಮೊದಲ ಕೆಲವು ದಿನ ಕಚ್ಚುತ್ತದೆ. ಎಣ್ಣೆ ಸವರಿ, ಸಹಿಸಿಕೊಂಡು ತಿರುಗಾಡಿದರೆ ಅಟ್ಟೆಯ ಮೇಲೆ ಹಿಮ್ಮಡಿಯ ಗುಳಿ, ಹೆಬ್ಬೆರಳಿನ ಗುರುತು ಮೂಡಿ ಆ ಜೋಡು ಇನ್ನೊಬ್ಬರ ಕಾಲಿಗೆ ಒಗ್ಗದಂತಾಗುತ್ತದೆ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದಗೊಂಡ ಎಮ್ಮೆ ಚರ್ಮದ ಗುಣವೇ ಅದು. ಒತ್ತಿದಲ್ಲಿ ಮೆಲ್ಲಗೆ ತಗ್ಗುತ್ತದೆ, ತಗ್ಗಿದ್ದನ್ನು ಮರೆಯುವುದಿಲ್ಲ. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡದ ಸೀಮೆಯ ಈ ಕಸುಬು ಪೇಟೆಯಲ್ಲಿ ಕೊಲ್ಹಾಪುರಿ ಎನಿಸಿಕೊಳ್ಳುತ್ತದೆ. 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಇವೆ. ಹೆಸರಿನ ಜಗಳ ಅಷ್ಟಕ್ಕೇ ಇರಲಿ, ಇಲ್ಲಿ ಮಾತು ಒತ್ತಿದರೆ ಆಕಾರ ಬದಲಿಸುವ ಗುಣದ್ದು. ಆಕಾರ ಬದಲಿಸುವ ರಚನೆಗಳ ಮೇಲಿನ ಪಿಎಚ್.ಡಿ. ಎಂದೊಡನೆ ವಿಮಾನದ ರೆಕ್ಕೆಯತ್ತ ಕತ್ತೆತ್ತುವವರು ಒಮ್ಮೆ ಕಾಲ ಕೆಳಗೂ ನೋಡಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಜಿ.ಕೆ. ಅನಂತಸುರೇಶ್ ಅವರ ತಂಡ ಕೀಲು, ತಿರುಪು ಇಲ್ಲದೆ ಬರೀ ಬಾಗಿ ಕೆಲಸ ಮಾಡುವ ಯಂತ್ರಾಂಗಗಳನ್ನು ರೂಪಿಸುತ್ತ ಬಂದಿದೆ. ಕರ್ನಾಟಕ ಎಂಡೋಕ್ರಿನಾಲಜಿ ಮತ್ತು ಸಂಶೋಧನಾ ಸಂಸ್ಥೆಯ ಜೊತೆಗೂಡಿ 2022ರಲ್ಲಿ ಅದು ಮುಂದಿಟ್ಟದ್ದು ಒಂದು ಚಪ್ಪಲಿ. ಅದರ ಹಿಂದೆ ಪಿಎಚ್.ಡಿ. ವಿದ್ಯಾರ್ಥಿಯ ದುಡಿಮೆಯಿದೆ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಳೆದುಕೊಂಡ ಪಾದಕ್ಕೆ ಭಾರ ಒಂದೇ ಕಡೆ ಬಿದ್ದರೂ ತಿಳಿಯುವುದಿಲ್ಲ. ಹುಣ್ಣಾದ ಮೇಲೆ ಕಣ್ಣಿಗೆ ಕಾಣುತ್ತದೆ. ಈ ಚಪ್ಪಲಿಯೊಳಗೆ ಸಣ್ಣ ಕಮಾನುಗಳಿವೆ. ಒತ್ತಡ ಗೊತ್ತುಪಡಿಸಿದ ಮಿತಿ ಮೀರಿದಾಗ ಆ ಜಾಗದ ಕಮಾನು ಟಕ್ಕನೆ ಕೆಳಮುಖವಾಗಿ ಮಗುಚಿ ಭಾರವನ್ನು ಪಕ್ಕಕ್ಕೆ ಸಾಗಿಸುತ್ತದೆ, ಕಾಲೆತ್ತಿದೊಡನೆ ಮೊದಲಿನಂತಾಗುತ್ತದೆ. ಹುಡುಗಿಯರ ತಲೆಯ ಟಿಕ್‌ಟ್ಯಾಕ್ ಕ್ಲಿಪ್ಪನ್ನು ಒತ್ತಿ ನೋಡಿದವರಿಗೆ ಈ ಪುಟಿತ ಗೊತ್ತು, ಕ್ಲಿಪ್ಪು ಮಾತ್ರ ತಾನಾಗಿ ಹಿಂದಿರುಗುವುದಿಲ್ಲ. ನೊಣ ಹಿಡಿಯುವ ವೀನಸ್ ಗಿಡದ ಎಲೆಯೂ ಸ್ನಾಯುವಿಲ್ಲದೆ, ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಹೀಗೇ ಡೊಂಕು ತಿರುಗಿಸಿ ಮುಚ್ಚಿಕೊಳ್ಳುತ್ತದೆಂದು ವಿಜ್ಞಾನಿ ಎಲ್. ಮಹಾದೇವನ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದರು. ಕಮಾನಿನ ಈ ಗುಣ ಎಂಜಿನಿಯರುಗಳಿಗೆ ಮೊದಲೇ ಗೊತ್ತಿದ್ದದ್ದು; ಹಾಗಾಗಿ ಇಂಥ ರಚನೆಗಳಿಗೆ ಅಂಟಿಸುವ ‘ಪ್ರಕೃತಿ ಪ್ರೇರಿತ’ ಎಂಬ ಬಿರುದು ಅರ್ಧ ಅಲಂಕಾರವೇ. ಬ್ಯಾಟರಿ, ಮೋಟಾರು ಬೇಡ, ಆಕಾರವೇ ಕೆಲಸ ಮಾಡಲಿ ಎಂಬ ಹಟ ಮಾತ್ರ ಗಿಡದಿಂದ ಕಲಿಯತಕ್ಕದ್ದು.

ಅಥಣಿಯ ಚಪ್ಪಲಿಯನ್ನೂ ಈ ಕಮಾನಿನ ಚಪ್ಪಲಿಯನ್ನೂ ಜೋಡಿಸುವುದು ಮೊಣಕಾಲಿಗೂ ಬೋಳುತಲೆಗೂ ಗಂಟು ಹಾಕಿದಂತೆ ಎನ್ನಬಹುದು. ಚರ್ಮ ಪುಟಿಯುವುದಿಲ್ಲ, ನಿಜ. ಹೆಬ್ಬೆರಳಿಗೆ ಉಂಗುಟ ಬಿಗಿಯುವ ಚಪ್ಪಲಿಯನ್ನು ಸ್ಪರ್ಶವಿಲ್ಲದ ಕಾಲಿಗೆ ವೈದ್ಯರು ಹೇಳುವುದಿಲ್ಲ, ಅದೂ ನಿಜ. ಆದರೆ ಪಾದದ ಅಚ್ಚಿಗೆ ಒಗ್ಗಿದ ಅಟ್ಟೆ ಭಾರವನ್ನು ಅಗಲಕ್ಕೆ ಹಂಚುತ್ತದೆ; ಕಮಾನು ಬಯಸುವುದೂ ಅದನ್ನೇ. ಚರ್ಮ ತಿಂಗಳುಗಟ್ಟಲೆ ಮಾಡುವುದನ್ನು ಕಮಾನು ಹೆಜ್ಜೆ ಹೆಜ್ಜೆಗೂ ಮಾಡುತ್ತದೆ. ಚರ್ಮದ ಪದರ, ಅದರಡಿ ಕಮಾನು, ಉಂಗುಟದ ಬದಲು ಅಗಲ ಪಟ್ಟಿ: ಈ ಕೂಡಿಕೆಯನ್ನು ಪರೀಕ್ಷಿಸದೆ ತಳ್ಳಿಹಾಕುವುದು ಅವಸರ. ಕುಶಲಕರ್ಮಿಗೆ ಇದೆಲ್ಲ ಕೈಯಲ್ಲೇ ಗೊತ್ತಲ್ಲ, ಸಂಶೋಧನೆ ಯಾಕೆ ಎಂಬ ಮಾತೂ ಅರ್ಧ ಸತ್ಯ. ಯಾವ ಚರ್ಮ ಪಳಗುತ್ತದೆಂದು ಕೈ ಹೇಳುತ್ತದೆ. ಎಷ್ಟು ಕಿಲೋ ಭಾರಕ್ಕೆ, ಎಷ್ಟು ತೇವದಲ್ಲಿ, ಎಷ್ಟು ಮಿಲಿಮೀಟರ್ ತಗ್ಗುತ್ತದೆಂಬ ಲೆಕ್ಕ ಇಲ್ಲದೆ ವೈದ್ಯರು ಅದನ್ನು ರೋಗಿಯ ಕಾಲಿಗೆ ಹಾಕುವಂತಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇರುವುದು ಬೆಳಗಾವಿಯಲ್ಲೇ, ಅದರ ಕಾಲೇಜುಗಳು ಚಿಕ್ಕೋಡಿ, ನಿಪ್ಪಾಣಿಯಲ್ಲೂ ಇವೆ. ಪಿಎಚ್.ಡಿ.ಗೆ ವಿಷಯ ಹುಡುಕುತ್ತಿರುವವರು ಅಥಣಿಯ ಬಸ್ಸು ಹತ್ತಲಿ.