ಗಡುವು ಗೊತ್ತು, ಬೇಡಿಕೆ ಎಷ್ಟು?

ಪ್ರಶ್ನೆ: ವಿಂಡೋಸ್‌ನ ಹಳೆಯ ಆವೃತ್ತಿಗೆ ಬೆಂಬಲ ನಿಲ್ಲುವ ದಿನ ವರ್ಷಗಳ ಮೊದಲೇ ಗೊತ್ತಿರುತ್ತದೆ. ಕಂಪನಿಗಳು ಆಗ ಎಷ್ಟು ಕಂಪ್ಯೂಟರ್ ಕೊಳ್ಳುತ್ತವೆಂದು ಅಂದಾಜಿಸುವುದು ಸುಲಭವಲ್ಲವೇ?

ಉತ್ತರ: ಸುಲಭವಲ್ಲ. ಗಡುವು ಒಂದೇ ದಿನದ್ದು, ಖರೀದಿ ಮಾತ್ರ ಹಿಂದಕ್ಕೂ ಮುಂದಕ್ಕೂ ಹರಡಿಕೊಳ್ಳುತ್ತದೆ. ವಿಂಡೋಸ್ ಎಕ್ಸ್‌ಪಿಯನ್ನೇ ನೋಡಿ. ಅದರ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿಯಿತು. ಅಲ್ಲಿಗೆ ಖರೀದಿಯ ಭರಾಟೆಯೂ ತಣ್ಣಗಾಗಬೇಕಿತ್ತು. ಆದರೆ ಜೂನ್‌ನಲ್ಲಿ ಕಂಪ್ಯೂಟರ್ ಚಿಪ್ ತಯಾರಿಸುವ ಇಂಟೆಲ್ ತನ್ನ ತ್ರೈಮಾಸಿಕ ಆದಾಯದ ಅಂದಾಜನ್ನು 1,300 ಕೋಟಿ ಡಾಲರಿನಿಂದ 1,370 ಕೋಟಿಗೆ ಏರಿಸಿತು. ಕಚೇರಿಗಳ ಬೇಡಿಕೆ ನಿರೀಕ್ಷೆ ಮೀರಿದ್ದೇ ಅದು ಕೊಟ್ಟ ಕಾರಣ. ದೊಡ್ಡ ಸಂಸ್ಥೆಗಳು ಹಳೆಯ ತಂತ್ರಾಂಶ ಹೊಸ ಯಂತ್ರದಲ್ಲಿ ಓಡುತ್ತದೆಯೇ ಎಂದು ಪರೀಕ್ಷಿಸಬೇಕು, ಬಜೆಟ್‌ಗೆ ಕಾಯಬೇಕು. ಬ್ರಿಟನ್ ಸರ್ಕಾರವಂತೂ ಹಣ ಕೊಟ್ಟು ಒಂದು ವರ್ಷದ ಹೆಚ್ಚುವರಿ ಬೆಂಬಲ ಪಡೆಯಿತು.

1999ರಲ್ಲಿ ಇದರ ತದ್ವಿರುದ್ಧ. 2000ನೇ ಇಸವಿಯ ದಿನಾಂಕವನ್ನು ಹಳೆಯ ಕಂಪ್ಯೂಟರ್‌ಗಳು ತಪ್ಪಾಗಿ ಓದುತ್ತವೆಂಬ ವೈ2ಕೆ ಭಯಕ್ಕೆ ಅನೇಕರು ಮೊದಲೇ ಕೊಂಡರು. ವರ್ಷಾಂತ್ಯ ಹತ್ತಿರವಾದಂತೆ ವ್ಯವಸ್ಥೆಯನ್ನು ಮುಟ್ಟುವುದೇ ಬೇಡವೆಂದು ಖರೀದಿ ನಿಲ್ಲಿಸಿದರು. ಇದರಿಂದ ವ್ಯಾಪಾರ ಕುಗ್ಗುತ್ತದೆಂದು ಆ ಅಕ್ಟೋಬರ್‌ನಲ್ಲೇ ಐಬಿಎಂ ಎಚ್ಚರಿಸಿತು. ಗಡುವಿನ ಮುಂಚಿನ ಏರಿಕೆಯಲ್ಲಿ ಬಹುಪಾಲು ಮುಂದಿನ ವರ್ಷದಿಂದ ಕಡ ತಂದದ್ದು ಎಂಬುದನ್ನು ಮರೆತ ಅಂದಾಜನ್ನು ನಾನು ನಂಬುವುದಿಲ್ಲ.