ಅಜ್ಜಿಯ ಬಲಗೈಗೆ ಬೆಲೆ ಎಷ್ಟು?

ಮೊಬೈಲಿನಲ್ಲಿ ಬೆರಳು ಒತ್ತಿದರೆ ಮನೆ ಬಾಗಿಲಿಗೇ ಕಾರು ಬರುವ ಕಾಲವಿದು. ಆಟೊ ಸ್ಟ್ಯಾಂಡಿನವರೆಗೆ ನಡೆಯಲಾರದ ನಮ್ಮಂಥ ವಯಸ್ಸಾದವರಿಗೆ ಇದು ದೊಡ್ಡ ಅನುಕೂಲವೇ ಸರಿ. ಆದರೆ ಹಾಗೆ ಬಂದ ಕಾರು ದಾರಿಯಲ್ಲಿ ಅಪಘಾತವಾಗಿ ಒಳಗೆ ಕುಳಿತವರಿಗೆ ಪೆಟ್ಟಾದರೆ ಖರ್ಚು ಯಾರದು? ಚಾಲಕನದೇ, ಮಾಲೀಕನದೇ, ಆ್ಯಪ್ ನಡೆಸುವ ಕಂಪನಿಯದೇ? ಈ ಪ್ರಶ್ನೆಯ ಉತ್ತರಕ್ಕಾಗಿ ನಾನೂ ನನ್ನ ಪತ್ನಿಯೂ ಸುಮಾರು ಒಂದೂವರೆ ವರ್ಷ ಓಡಾಡಿದೆವು. ಆ ಅನುಭವ ಇತರರಿಗೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಬನಶಂಕರಿಯಿಂದ ಮಲ್ಲೇಶ್ವರಕ್ಕೆ ಒಂದು ನಾಮಕರಣಕ್ಕೆಂದು ಹೊರಟಿದ್ದೆವು. ಚಾಲಕ ಇಪ್ಪತ್ತೈದು ದಾಟದ ಹುಡುಗ. ಮುಂದಿನ ಬಾಡಿಗೆಯ ಕರೆ ಮೊಬೈಲಿನಲ್ಲಿ ಟಿಂಗ್ ಎಂದಿತು. ಅವನ ಕಣ್ಣು ಅತ್ತ ಹೋಯಿತು. ಕಾರು ರಸ್ತೆ ವಿಭಜಕಕ್ಕೆ ಬಡಿಯಿತು. ನನಗೂ ಮೊಮ್ಮಗಳಿಗೂ ತರಚು ಗಾಯ. ನನ್ನ ಪತ್ನಿಯ ಬಲ ಮಣಿಕಟ್ಟಿನ ಮೂಳೆ ಮುರಿದಿತ್ತು. ಶಸ್ತ್ರಚಿಕಿತ್ಸೆ ಮಾಡಿ ಪ್ಲೇಟ್ ಕೂರಿಸಿದರು. ಆಗ ಆಕೆಗೆ 67 ವರ್ಷ.

ಮೊದಲ ದಿನದ ಕಾಗದಗಳು

ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಕಾಗದದ ಮೇಲೆ ನಂಬಿಕೆ ಜಾಸ್ತಿ. ಎಂಟನೇ ತರಗತಿಯ ಮೊಮ್ಮಗಳು ನನಗಿಂತ ಚುರುಕು. ಆಸ್ಪತ್ರೆಯ ಬೆಂಚಿನಲ್ಲಿ ಕುಳಿತೇ ಮೊಬೈಲಿನಲ್ಲಿದ್ದ ಪ್ರಯಾಣದ ವಿವರ, ಕಾರಿನ ಸಂಖ್ಯೆ, ಚಾಲಕನ ಹೆಸರು, ಸಮಯ ಎಲ್ಲವನ್ನೂ ಸ್ಕ್ರೀನ್‌ಶಾಟ್ ತೆಗೆದಿಟ್ಟಳು. ನಾವು ಆ ಕಾರಿನಲ್ಲೇ ಇದ್ದೆವು ಎಂಬುದಕ್ಕೆ ಮುಂದೆ ಅದೇ ಸಾಕ್ಷಿಯಾಯಿತು.

ಆಸ್ಪತ್ರೆಯಲ್ಲಿ 'ಬಿದ್ದು ಪೆಟ್ಟಾಯಿತು' ಎನ್ನದೆ 'ರಸ್ತೆ ಅಪಘಾತ' ಎಂದೇ ಹೇಳಬೇಕು. ಆಗ ಅವರು ಅದನ್ನು ಮೆಡಿಕೊ ಲೀಗಲ್ ಪ್ರಕರಣವೆಂದು ಬರೆದುಕೊಂಡು ಪೊಲೀಸರಿಗೆ ತಿಳಿಸುತ್ತಾರೆ. ಸಂಚಾರ ಠಾಣೆಯಲ್ಲಿ ಎಫ್‌ಐಆರ್ ಆಗುತ್ತದೆ. ನಂತರ ಸ್ಥಳ ಮಹಜರು, ವಾಹನ ತಪಾಸಣೆಯ ವರದಿ, ಗಾಯದ ಪ್ರಮಾಣಪತ್ರ, ದೋಷಾರೋಪಣ ಪಟ್ಟಿ ಒಂದೊಂದಾಗಿ ಬರುತ್ತವೆ. ಪರಿಹಾರದ ಅರ್ಜಿ ನಿಲ್ಲುವುದು ಈ ಕಾಗದಗಳ ಮೇಲೆಯೇ.

ಆ್ಯಪ್ ಕಂಪನಿಗೂ ಬರೆದೆ. 'ಚಾಲಕರು ನಮ್ಮ ನೌಕರರಲ್ಲ, ನಾವು ಪ್ರಯಾಣಿಕರನ್ನೂ ಚಾಲಕರನ್ನೂ ಸೇರಿಸುವವರಷ್ಟೇ' ಎಂಬ ಅರ್ಥದ ಉತ್ತರ ಬಂತು. ಕೆಲವು ಆ್ಯಪ್‌ಗಳಲ್ಲಿ ಪ್ರಯಾಣಿಕರಿಗೆ ಪ್ರತ್ಯೇಕ ವಿಮೆ ಇರುತ್ತದೆ; ಇದ್ದರೆ ಅದನ್ನು ಕೂಡಲೇ ಕೇಳಬೇಕು. ಆದರೆ ಕಾನೂನಿನ ಮುಖ್ಯ ದಾರಿ ಬೇರೆಯೇ ಇದೆ.

'ಆ ಹುಡುಗನ ಹೊಟ್ಟೆ ಮೇಲೆ ಹೊಡೆಯೋದು ಬೇಡ'

ಕೇಸು ಹಾಕೋಣ ಎಂದಾಗ ಮೊದಲು ಬೇಡವೆಂದವಳು ನನ್ನ ಪತ್ನಿಯೇ. ಚಾಲಕ ಆಸ್ಪತ್ರೆಗೆ ಬಂದು ಕೈಮುಗಿದು ಅತ್ತಿದ್ದ. ಊರಲ್ಲಿ ತಾಯಿ ಇದ್ದಾಳೆ, ಕಾರಿನ ಸಾಲದ ಕಂತು ಇನ್ನೂ ಇದೆ ಎಂದಿದ್ದ. "ಆ ಹುಡುಗನ ಹೊಟ್ಟೆ ಮೇಲೆ ಹೊಡೆಯೋದು ಬೇಡ ರೀ. ನಮ್ಮ ಕೈಯಿಂದ ಹೋದದ್ದು ಹೋಗಲಿ" ಎಂದಳು.

ಆಗ ನಾನು ವಿವರಿಸಬೇಕಾಯಿತು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ವಿಮೆಯಿಲ್ಲದೆ ಯಾವ ವಾಹನವೂ ರಸ್ತೆಗಿಳಿಯುವಂತಿಲ್ಲ. ಬಾಡಿಗೆ ಕಾರಿನ ವಿಮೆ ಒಳಗಿರುವ ಪ್ರಯಾಣಿಕರಿಗೂ ಅನ್ವಯಿಸುತ್ತದೆ. ಲೈಸೆನ್ಸ್, ಪರ್ಮಿಟ್, ವಿಮೆ ಎಲ್ಲವೂ ಸರಿಯಿದ್ದರೆ ಪರಿಹಾರ ಕೊಡುವುದು ವಿಮಾ ಕಂಪನಿ, ಚಾಲಕನ ಜೇಬಲ್ಲ. ಅವನ ಮಾಲೀಕ ವರ್ಷವರ್ಷ ಪ್ರೀಮಿಯಂ ಕಟ್ಟಿದ್ದೇ ಇಂಥ ದಿನಕ್ಕಾಗಿ. ಇದನ್ನು ಕೇಳಿದ ಮೇಲೆ ಆಕೆ ಎಡಗೈಯಿಂದಲೇ ವಕಾಲತ್ತಿಗೆ ಸಹಿ ಮಾಡಿದಳು.

ಎರಡು ವಾಹನಗಳು ಡಿಕ್ಕಿಯಾಗಿ ಇಬ್ಬರು ಚಾಲಕರದ್ದೂ ತಪ್ಪಿದ್ದರೆ ಹೇಗೆ? ಒಳಗೆ ಕುಳಿತ ಪ್ರಯಾಣಿಕನದಂತೂ ತಪ್ಪಿರುವುದಿಲ್ಲ. ಅವನು ಇಬ್ಬರಲ್ಲಿ ಯಾರಿಂದಲಾದರೂ ಪೂರ್ತಿ ಪರಿಹಾರ ಕೇಳಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿದೆ.

ಅರ್ಜಿ ಹಾಕುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ. ಬೆಂಗಳೂರಿನಲ್ಲಿ ಸ್ಮಾಲ್ ಕಾಸಸ್ ಕೋರ್ಟಿನ ನ್ಯಾಯಾಧೀಶರು ಈ ಕೆಲಸ ನೋಡುತ್ತಾರೆ. ಅಪಘಾತವಾದ ಊರಲ್ಲೇ ಹಾಕಬೇಕೆಂದಿಲ್ಲ, ನೀವು ವಾಸಿಸುವ ಊರಿನಲ್ಲೂ ಹಾಕಬಹುದು. ಆದರೆ 2022ರ ಏಪ್ರಿಲ್‌ನಿಂದ ಒಂದು ಗಡುವು ಬಂದಿದೆ: ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು.

ಲೆಕ್ಕ ಹೀಗಿದೆ

ಮಕ್ಕಳೇ, ಈಗ ಪೆನ್ಸಿಲ್ ಹಿಡಿಯಿರಿ. ಆಸ್ಪತ್ರೆ ಬಿಲ್ಲು, ನೋವು, ಆರೈಕೆ, ಓಡಾಟದ ಖರ್ಚು ಇವಕ್ಕೆಲ್ಲ ಬೇರೆ ಬೇರೆ ಮೊತ್ತ. ಶಾಶ್ವತ ಊನವಾಗಿದ್ದರೆ ಮುಂದಿನ ಆದಾಯದ ನಷ್ಟಕ್ಕೊಂದು ಸೂತ್ರವಿದೆ: ತಿಂಗಳ ಆದಾಯ × 12 × ಗುಣಕ × ಊನದ ಪ್ರಮಾಣ. ಗುಣಕವೆಂಬುದು ವಯಸ್ಸಿಗೆ ತಕ್ಕ ಸಂಖ್ಯೆ. 2009ರ ಸರಳಾ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೊಂದು ಪಟ್ಟಿ ಕೊಟ್ಟಿತು. 21ರಿಂದ 25 ವರ್ಷದವರಿಗೆ 18, 61ರಿಂದ 65ರವರಿಗೆ 7, ಅದಕ್ಕೂ ಮೇಲ್ಪಟ್ಟವರಿಗೆ 5.

ಉದಾಹರಣೆಗೆ, ಆದಾಯ 15,000 ರೂಪಾಯಿ, ಊನ ಶೇ 10 ಎಂದಿಟ್ಟುಕೊಳ್ಳಿ. 22 ವರ್ಷದವರಿಗೆ 3,24,000 ರೂಪಾಯಿ. 67 ವರ್ಷದವರಿಗೆ 90,000. ಕೈಯಲ್ಲಿ ಶೇ 30 ಊನವಿದೆ ಎಂದು ವೈದ್ಯರು ಬರೆದರೆ ಅಷ್ಟನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಊನದಿಂದ ಇಡೀ ದೇಹದ ದುಡಿಮೆಗೆ ಎಷ್ಟು ಕುಂದಾಯಿತು ಎಂದು ನೋಡುತ್ತಾರೆ.

ಸಂಬಳವಿಲ್ಲದ ಕೆಲಸ

ತೊಡಕು ಬಂದದ್ದು 'ಆದಾಯ' ಎಂಬ ಪದದಲ್ಲಿ. ವಿಮಾ ಕಂಪನಿಯ ವಕೀಲರು ಪಾಟೀಸವಾಲಿನಲ್ಲಿ ಕೇಳಿದರು: "ನೀವು ಮನೆಯಲ್ಲೇ ಇರುವವರು. ನಿಮಗೆ ಆದಾಯವೇ ಇಲ್ಲದ ಮೇಲೆ ನಷ್ಟ ಎಲ್ಲಿಂದ ಬಂತು?"

ನನ್ನ ಪತ್ನಿ ಕೋರ್ಟು ಕಂಡವಳಲ್ಲ. ಆದರೂ ನಿಧಾನವಾಗಿ ಹೇಳಿದಳು: "ಬೆಳಿಗ್ಗೆ ಐದಕ್ಕೆ ಏಳ್ತಿದ್ದೆ ಸ್ವಾಮಿ. ರಂಗೋಲಿ, ಅಡುಗೆ, ಮಗ ಸೊಸೆಗೆ ಡಬ್ಬಿ, ಮೊಮ್ಮಗಳಿಗೆ ಜಡೆ. ಭಾನುವಾರವೂ ರಜೆ ಇರಲಿಲ್ಲ. ಈಗ ಅಡುಗೆಯವರಿಗೆ ತಿಂಗಳಿಗೆ ಆರು ಸಾವಿರ ಕೊಡ್ತಿದ್ದೀವಿ. ಹಾಗಾದರೆ ಇಷ್ಟು ವರ್ಷ ನಾನು ಮಾಡಿದ್ದು ಏನೂ ಅಲ್ವಾ?"

ಈ ಪ್ರಶ್ನೆಗೆ ನಮ್ಮ ನ್ಯಾಯಾಲಯಗಳು ಹಿಂದೆಯೇ ಉತ್ತರ ಕೊಟ್ಟಿವೆ. 1989ರ ಜಮ್‌ಷೆಡ್‌ಪುರ ಅಗ್ನಿದುರಂತದ ಪ್ರಕರಣದಲ್ಲಿ, 2001ರಲ್ಲಿ, ಗೃಹಿಣಿಯ ಸೇವೆಗೆ ತಿಂಗಳಿಗೆ 3,000 ರೂಪಾಯಿ ಮೌಲ್ಯವನ್ನು ಸುಪ್ರೀಂ ಕೋರ್ಟ್ ಹಿಡಿಯಿತು. 2021ರ ಜನವರಿಯಲ್ಲಿ ಬಂದ ಕೀರ್ತಿ ಪ್ರಕರಣದ ತೀರ್ಪಿನಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ ಅವರು 2019ರ ಸಮಯ ಬಳಕೆ ಸಮೀಕ್ಷೆಯನ್ನು ಉಲ್ಲೇಖಿಸಿದರು. ಮನೆಗೆಲಸಕ್ಕೆ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಪುರುಷರು 97 ನಿಮಿಷ. ಗೃಹಿಣಿಯರಿಗೆ ಆದಾಯ ನಿಗದಿ ಮಾಡುವುದು ಅವರ ದುಡಿಮೆಯನ್ನು ಗುರುತಿಸಿದಂತೆ ಎಂಬುದು ಆ ತೀರ್ಪಿನ ಸಾರ. ನಮ್ಮ ವಕೀಲೆ ಇದನ್ನು ಮುಂದಿಟ್ಟರು.

2024ರಲ್ಲಿ ಲೋಕ ಅದಾಲತ್‌ನಲ್ಲಿ ವಿಮಾ ಕಂಪನಿ ರಾಜಿಗೆ ಬಂತು. ಆಸ್ಪತ್ರೆಯ ಖರ್ಚೂ ಸೇರಿ 2,60,000 ರೂಪಾಯಿಗೆ ಒಪ್ಪಿದೆವು. ಕೇಳಿದ್ದಕ್ಕಿಂತ ಕಡಿಮೆಯೇ. ಆದರೆ ಅದಾಲತ್ತಿನ ರಾಜಿಗೆ ಮೇಲ್ಮನವಿ ಇಲ್ಲ. ಇನ್ನಷ್ಟು ವರ್ಷ ಅಲೆಯುವ ಪ್ರಮೇಯವೂ ಇಲ್ಲ. ಆ ಪಟ್ಟಿಯಲ್ಲಿ 'ಆದಾಯ ನಷ್ಟ' ಎಂಬ ಸಾಲಿನ ಮುಂದೆ ಸೊನ್ನೆ ಇರಲಿಲ್ಲ. ನನ್ನ ಪತ್ನಿ ಒಟ್ಟು ಮೊತ್ತ ನೋಡುವ ಮೊದಲು ಆ ಸಾಲನ್ನು ಎರಡು ಬಾರಿ ಓದಿಸಿಕೊಂಡಳು.

ಹಣ ಬಂದ ಮೇಲೆ

ಬ್ಯಾಂಕಿನಲ್ಲಿದ್ದಾಗ ಇಂಥ ಹಣದ ಇನ್ನೊಂದು ಮುಖ ನೋಡಿದ್ದೆ. ದೊಡ್ಡ ಮೊತ್ತವಾದರೆ ಒಂದು ಭಾಗವನ್ನು ನಿಶ್ಚಿತ ಠೇವಣಿಯಲ್ಲಿಡಲು ನ್ಯಾಯಮಂಡಳಿ ಆದೇಶಿಸುತ್ತದೆ. ಅದರ ಮೇಲೆ ಸಾಲ ಕೊಡುವಂತಿಲ್ಲ. ಅವಧಿಗೆ ಮೊದಲು ಮುರಿಯಲು ನ್ಯಾಯಮಂಡಳಿಯ ಅನುಮತಿ ಬೇಕು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬಳು ಬಡ್ಡಿ ಪಡೆಯಲು ಮೂರು ತಿಂಗಳಿಗೊಮ್ಮೆ ನನ್ನ ಕೌಂಟರಿಗೆ ಬರುತ್ತಿದ್ದಳು. ಠೇವಣಿ ಮುರಿಸಿಕೊಡಿ ಎಂದು ಜೊತೆಗೆ ಬಂದ ಬಂಧುಗಳು ಒತ್ತಾಯಿಸಿದರೂ ನಾವು ಕೊಡುವಂತಿರಲಿಲ್ಲ. ಆ ನಿಯಮ ಕಠಿಣವೆಂದು ಕಂಡರೂ, ಅವಳ ಮಕ್ಕಳ ಓದು ಮುಗಿದದ್ದು ಅದರಿಂದಲೇ.

ನೆನಪಿಡಬೇಕಾದ್ದು

* ಅಪಘಾತವಾದ ಕೂಡಲೇ 112ಕ್ಕೆ ಕರೆ ಮಾಡಿ. 2025ರ ಮೇ ತಿಂಗಳಿಂದ ಜಾರಿಯಾದ ಕೇಂದ್ರದ ಯೋಜನೆಯಡಿ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿವರೆಗೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ನಗದುರಹಿತ ಚಿಕಿತ್ಸೆ ಇದೆ.

* ಕಾರು ಹತ್ತುವ ಮೊದಲು ಆ್ಯಪ್‌ನಲ್ಲಿರುವ ಸಂಖ್ಯೆಯೂ ಕಾರಿನ ಸಂಖ್ಯೆಯೂ ಒಂದೇ ಎಂದು ನೋಡಿ. ಆ್ಯಪ್ ಬಿಟ್ಟು ಬಾಯಿಮಾತಿನ ಬಾಡಿಗೆಗೆ ಹೋದರೆ ಪ್ರಯಾಣದ ದಾಖಲೆ ಉಳಿಯುವುದಿಲ್ಲ.

* ಪ್ರತಿ ಬಿಲ್ಲು, ಎಕ್ಸ್‌ರೇ, ಔಷಧಿ ಚೀಟಿಯನ್ನೂ ದಿನಾಂಕದ ಪ್ರಕಾರ ಒಂದೇ ಫೈಲಿನಲ್ಲಿಡಿ.

* ಸಿಗುವ ಪರಿಹಾರದಲ್ಲಿ ಇಷ್ಟು ಪಾಲು ಶುಲ್ಕ ಎಂದು ಒಪ್ಪಂದ ಮಾಡಿಕೊಳ್ಳಲು ವಕೀಲರಿಗೆ ನಿಯಮದ ಪ್ರಕಾರ ಅವಕಾಶವಿಲ್ಲ. ಶುಲ್ಕವನ್ನು ಮೊದಲೇ ಮಾತಾಡಿ.

* ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ, ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರ ನೆರವು ಸಿಗುತ್ತದೆ. ಸಹಾಯವಾಣಿ 15100.

ಮಕ್ಕಳೇ, ಈ ಪಟ್ಟಿಯನ್ನು ಕತ್ತರಿಸಿ ಮನೆಯ ಕ್ಯಾಲೆಂಡರಿನ ಹಿಂದೆ ಅಂಟಿಸಿಡಿ. ಅಜ್ಜಿ ತಾತ ಕಾರು ಹತ್ತುವಾಗ ಸಂಖ್ಯೆ ನೋಡಿ ಹೇಳುವ ಕೆಲಸ ನಿಮ್ಮದಾಗಲಿ.